ಕಾರಿನ ಹಿಂದಿನ ಬ್ರೇಕ್ ಪ್ಯಾಡ್: ಪುಟ್ಟನಿಗೆ ಮಾವನ ವಾಯ್ಸ್ ಮೆಸೇಜ್

ಪುಟ್ಟಾ, ಟೈಪ್ ಮಾಡಕ್ಕೆ ಕೂತ್ರೆ ಸಂಜೆ ಆಗತ್ತೆ, ಅದಕ್ಕೆ ಮಾತಾಡೇ ಕಳಿಸ್ತಿದೀನಿ. ಉದ್ದ ಆಗತ್ತೆ, ಮಿಕ್ಕೋರು ಬೇಕಾದ್ರೆ ಓಡಿಸ್ಕೊಂಡು ಹೋಗಿ. ಬೆಳಿಗ್ಗೆ ಗ್ರೂಪಲ್ಲಿ ಹಾಕಿದ್ಯಲ್ಲ, ಕಾರಿನ ಹಿಂದಿನ ಚಕ್ರದಿಂದ ಕೀಂಯ್ ಅಂತ ಸದ್ದು ಬರ್ತಿದೆ, ಗ್ಯಾರೇಜ್‌ನೋರು ಹಿಂದಿನ ಡಿಸ್ಕ್ ಪ್ಯಾಡ್, ಅಂದ್ರೆ ಚಕ್ರದ ಜೊತೆ ತಿರುಗೋ ಡಿಸ್ಕ್ ತಟ್ಟೇನ ಎರಡೂ ಕಡೆಯಿಂದ ಒತ್ತಿ ನಿಲ್ಸೋ ಪಟ್ಟಿ, ಸವೆದಿದೆ ಅಂದ್ರು, ಭಾನುವಾರ ಮನೇಲೇ ಹಾಕ್ಲಾ ಅಂತ. ಹಾಕ್ಬಹುದು. ಅಕ್ಕಾ, ನೀನು ಆಗ್ಲೇ ಕೈಮುಗಿದು ಬೇಡ ಅಂದಿದ್ದು ನೋಡ್ದೆ, ಪೂರ್ತಿ ಕೇಳಿ ಆಮೇಲೆ ಬೈಯಿ.

ಮೊದಲು ಒಂದು ಹೇಳು ಪುಟ್ಟ. ನಿನ್ನ ಕಾರಲ್ಲಿ ಹ್ಯಾಂಡ್ ಬ್ರೇಕು ಕೈಲಿ ಎಳೆಯೋದಾ, ಬಟನ್ ಒತ್ತೋದಾ? ಬಟನ್ ಆದ್ರೆ, ಪ್ಯಾಡನ್ನ ಡಿಸ್ಕಿಗೆ ಒತ್ತೋ ಹಿಡಿ ಇರತ್ತಲ್ಲ, ಆ ಕ್ಯಾಲಿಪರ್‌ಗೇ ಒಂದು ಮೋಟಾರ್ ಕೂತಿರತ್ತೆ. ಅದನ್ನ ಪೂರ್ತಿ ಹಿಂದೆ ಸರಿಸೋ ಸರ್ವಿಸ್ ಮೋಡ್‌ಗೆ ಹಾಕ್ದೆ ಕೈ ಇಟ್ರೆ ಮೋಟಾರೇ ಹೋಗ್ಬಹುದು. ಅದಕ್ಕೆ ಸುಮಾರು ಕಾರಲ್ಲಿ, ಕಾರಿನ ಕಂಪ್ಯೂಟರಿಗೆ ಜೋಡಿಸೋ ಸ್ಕ್ಯಾನರ್ ಬೇಕು. ಹಂಗಿದ್ರೆ ಮನೇಲಿ ಬೇಡ, ಗ್ಯಾರೇಜಿಗೇ ಕೊಡು. ಇನ್ಮುಂದೆ ಹೇಳೋದೆಲ್ಲ ಎಳೆಯೋ ಹ್ಯಾಂಡ್ ಬ್ರೇಕಿಗೆ.

ಆ ಕೀಂಯ್ ಸದ್ದು ಬೇಕು ಅಂತಲೇ ಇಟ್ಟಿರೋದು. ಪ್ಯಾಡಿಗೆ ಸಣ್ಣ ತಗಡಿನ ನಾಲಿಗೆ ಇರತ್ತೆ, ಸವೆದಾಗ ಡಿಸ್ಕಿಗೆ ತಾಗಿ ಕೂಗತ್ತೆ. ಗರ್ರ್ ಅಂತ ಕೊರೆಯೋ ಸದ್ದಾದ್ರೆ ಮಾತ್ರ ಕಬ್ಬಿಣಕ್ಕೆ ಕಬ್ಬಿಣ ಉಜ್ತಿದೆ ಅಂತ, ಆಗ ಕಾರು ತೆಗೀಲೇಬೇಡ. ಹೊಸ ಪ್ಯಾಡಲ್ಲಿ ಉಜ್ಜೋ ಭಾಗ ಸುಮಾರು 10 ಮಿಲಿಮೀಟರ್ ಇರತ್ತೆ, 3ಕ್ಕೆ ಬಂದ್ರೆ ಬದಲಾಯಿಸ್ಬೇಕು. ಆದ್ರೆ ಚಕ್ರದ ಸಂದೀಲಿ ಇಣುಕಿದ್ರೆ ಕಾಣೋದು ಹೊರಗಿನ ಪ್ಯಾಡ್ ಮಾತ್ರ. ಒಳಗಿಂದೇ ಎಷ್ಟೋ ಸಲ ಮೊದಲು ಸವೆಯೋದು. ನಂದರಲ್ಲಿ ಹೊರಗಿಂದು ಅರ್ಧ ಇತ್ತು, ಒಳಗಿಂದು ಬಿಚ್ಚಿದ್ರೆ ತಗಡು!

ಈಗ ನನ್ನ ಕಥೆ ಹೇಳ್ತೀನಿ, ಭಾವ ನಗ್ತಾರೆ, ನಗ್ಲಿ. ಮುಂದಿನ ಪ್ಯಾಡ್ ನಾನೇ ಹಾಕಿದ್ದೆ, ಹೊಸ ಪ್ಯಾಡ್ ದಪ್ಪ ಅಲ್ವಾ, ಜಾಗ ಆಗ್ಲಿ ಅಂತ ಪಿಸ್ಟನ್ನನ್ನ, ಅಂದ್ರೆ ಕ್ಯಾಲಿಪರ್ ಒಳಗಿಂದ ಪ್ಯಾಡನ್ನ ತಳ್ಳೋ ಉರುಳೇನ, ಸಿ ಕ್ಲಾಂಪಲ್ಲಿ, ಅದೇ ತಿರುಗಿಸಿ ಬಿಗಿ ಮಾಡೋ ಸಿ ಆಕಾರದ ಹಿಡೀಲಿ, ಒತ್ತಿದ್ರೆ ಬೆಣ್ಣೆ ಥರ ಒಳಗೆ ಹೋಯ್ತು. ಅದೇ ಧೈರ್ಯದಲ್ಲಿ ಹಿಂದಿನದಕ್ಕೂ ಕ್ಲಾಂಪ್ ಹಾಕ್ದೆ. ಹೋಗ್ಲಿಲ್ಲ. ತುಕ್ಕು ಹಿಡಿದಿದೆ ಅಂದ್ಕೊಂಡು ಇನ್ನೂ ಬಿಗಿ ಮಾಡ್ದೆ. ಒಳಗಡೆ ಕಟ್ ಅಂತು. ಅಷ್ಟೇ, ಆ ಕಡೆ ಹ್ಯಾಂಡ್ ಬ್ರೇಕ್ ಆಮೇಲೆ ಹಿಡೀಲೇ ಇಲ್ಲ, ಕ್ಯಾಲಿಪರ್ರೇ ಹೊಸದು ಹಾಕಿಸ್ದೆ. ಉಳಿಸೋಕೆ ಹೋಗಿದ್ದ ದುಡ್ಡಿನ ಎಷ್ಟೋ ಪಟ್ಟು ಹೋಯ್ತು. ನಿಮ್ಮತ್ತೆ ಇವತ್ತಿಗೂ ಆ ಕ್ಲಾಂಪ್ ಕಂಡ್ರೆ ನನ್ನ ಮುಖ ನೋಡ್ತಾಳೆ.

ಯಾಕೆ ಹಂಗಾಯ್ತು ಅಂದ್ರೆ, ಈ ಥರದ ಕ್ಯಾಲಿಪರಲ್ಲಿ ಹ್ಯಾಂಡ್ ಬ್ರೇಕಿನ ಕೆಲಸಾನೂ ಅದೇ ಪಿಸ್ಟನ್ ಮಾಡತ್ತೆ. ಒಳಗೆ ಸ್ಕ್ರೂ ಥರ ಸುರುಳಿ ಗೆರೆ ಇರತ್ತೆ, ಪ್ಯಾಡ್ ಸವೆದಂಗೆಲ್ಲ ತಾನೇ ಮುಂದೆ ಬರತ್ತೆ. ಹಿಂದಕ್ಕೆ ಕಳಿಸ್ಬೇಕಾದ್ರೆ ಒತ್ತುತ್ತಾ ತಿರುಗಿಸ್ಬೇಕು. ಪಿಸ್ಟನ್ ಮುಖದಲ್ಲಿ ಕಚ್ಚು ಇರತ್ತಲ್ಲ, ಅದಕ್ಕೆ ಕೂರೋ ಟೂಲ್ ಸಿಗತ್ತೆ, ಎಸ್.ಪಿ. ರಸ್ತೆ ಅಂಗಡೀಲಿ ಕೇಳು. ಹೆಚ್ಚಾಗಿ ಗಡಿಯಾರದ ಮುಳ್ಳಿನ ಕಡೆಗೇ ತಿರುಗೋದು, ಆದ್ರೆ ಕೆಲವು ಕಾರಲ್ಲಿ ಒಂದು ಪಕ್ಕ ಉಲ್ಟಾ. ಹೊರಗೆ ಬರ್ತಿದೆ ಅನ್ಸಿದ್ರೆ ತಕ್ಷಣ ನಿಲ್ಸು. ಕೊನೇಲಿ ಆ ಕಚ್ಚು, ಹೊಸ ಪ್ಯಾಡಿನ ಬೆನ್ನಲ್ಲಿ ಮೊಳೆ ಥರ ಗುಬುಟು ಇದ್ರೆ ಅದು ಕೂರೋ ಹಂಗೆ ನಿಲ್ಬೇಕು.

ಪ್ಯಾಡ್ ಜೆ.ಸಿ. ರಸ್ತೆ ಪಾರ್ಟ್ಸ್ ಅಂಗಡೀಲಿ ಶನಿವಾರವೇ ತಂದಿಟ್ಕೋ. ಕಾರಿನ ಹೆಸರು ಹೇಳಿದ್ರೆ ಸಾಲ್ದು, ವರ್ಷ, ವೇರಿಯಂಟ್, ಚಾಸಿ ನಂಬರ್ ಫೋಟೋ ತೋರಿಸು. ಎರಡೂ ಚಕ್ರಕ್ಕೂ ಒಟ್ಟಿಗೆ ಹಾಕ್ಬೇಕು, ಒಂದೇ ಕಡೆ ಹಾಕಿದ್ರೆ ಬ್ರೇಕ್ ತುಳಿದಾಗ ಕಾರು ಒಂದು ಪಕ್ಕಕ್ಕೆ ಎಳೆಯತ್ತೆ. ಆದ್ರೆ ಬಿಚ್ಚೋದು ಒಂದೊಂದೇ ಕಡೆ. ಯಾವ ಕ್ಲಿಪ್ ಎಲ್ಲಿತ್ತು ಅಂತ ಮರ್ತ್ರೆ ಇನ್ನೊಂದು ಕಡೆ ನೋಡ್ಬಹುದು.

ನಿಮ್ಮ ಬೇಸ್‌ಮೆಂಟಿನ ಆ ಇಳಿಜಾರಲ್ಲಿ ಮಾತ್ರ ಮಾಡ್ಬೇಡ, ನಮ್ಮನೆ ಮುಂದೆ ಸಮತಟ್ಟಾಗಿದೆ, ಇಲ್ಲಿಗೆ ತಾ. ಹಿಂದಿನ ಪ್ಯಾಡ್ ತೆಗೀಬೇಕಾದ್ರೆ ಹ್ಯಾಂಡ್ ಬ್ರೇಕ್ ಬಿಟ್ಟಿರ್ಬೇಕು ನೋಡು, ಕಾರನ್ನ ಹಿಡಿಯೋಕೆ ಏನೂ ಇರಲ್ಲ. ಗೇರಲ್ಲಿ ನಿಲ್ಸಿ, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡ್ಬೇಕು. ಆಯುಧಪೂಜೆಗೆ ನಿಂಬೆಹಣ್ಣು ಇಟ್ಟಂಗಲ್ಲ, ದಪ್ಪ ಕಲ್ಲು. ನಟ್ಟು ಸಡಿಲ ಮಾಡೋದು ಚಕ್ರ ನೆಲದ ಮೇಲೆ ಇರೋವಾಗ್ಲೇ. ಡಿಕ್ಕೀಲಿರೋ ಜಾಕಿ ಎತ್ತೋಕೆ ಮಾತ್ರ, ನಿಲ್ಸೋಕೆ ಸ್ಟ್ಯಾಂಡ್ ನನ್ ಹತ್ರ ಇದೆ. ಬಿಚ್ಚಿದ ಚಕ್ರಾನೂ ಕಾರಿನ ಅಡಿಗೆ ತಳ್ಳಿಬಿಡೋಣ. ಅಕ್ಕಾ, ಕೇಳಿಸ್ತಾ? ಯಾರೂ ಕಾರಿನ ಕೆಳಗೆ ಮಲಗಲ್ಲ.

ಕ್ಯಾಲಿಪರ್ ಬಿಚ್ಚಿದ್ಮೇಲೆ ಬ್ರೇಕ್ ಆಯಿಲ್ ಬರೋ ರಬ್ಬರ್ ಹೋಸಲ್ಲಿ ಜೋತಾಡೋಕೆ ಬಿಡ್ಬೇಡ, ತಂತಿ ತಗೊಂಡು ಸ್ಪ್ರಿಂಗಿಗೆ ಕಟ್ಟು. ಅದು ಜಾರೋ ಪಿನ್ ಎರಡು ಇರತ್ತೆ, ಬೆರಳಲ್ಲಿ ಸಲೀಸಾಗಿ ಓಡ್ಬೇಕು. ನನ್ನ ಒಳಗಿನ ಪ್ಯಾಡ್ ತಿಂದಿದ್ದೇ ಆ ಪಿನ್ನು, ಹಿಡ್ಕೊಂಡುಬಿಟ್ಟಿತ್ತು. ಒರೆಸಿ ಬ್ರೇಕಿಗೆ ಅಂತಲೇ ಬರೋ ಸಿಲಿಕೋನ್ ಗ್ರೀಸ್ ಹಚ್ಬೇಕು. ಚಕ್ರದ ಬೇರಿಂಗಿಗೆ ಹಾಕೋ ಗ್ರೀಸ್ ಹಚ್ಚಿದ್ರೆ ರಬ್ಬರ್ ಊದ್ಕೊಳತ್ತೆ. ಧೂಳನ್ನ ಬಾಯಲ್ಲಿ ಊದ್ಬೇಡ, ಮಾಸ್ಕ್ ಹಾಕ್ಕೋ, ಬ್ರೇಕ್ ಕ್ಲೀನರ್ ಹೊಡಿ. ಡಿಸ್ಕ್ ಮೇಲೆ ಕನಿಷ್ಠ ದಪ್ಪ ಎಷ್ಟು ಅಂತ ಕೆತ್ತಿರತ್ತೆ, ಅಳತೆ ಮಾಡಿ ನೋಡೋಣ, ಅದಕ್ಕಿಂತ ತೆಳ್ಳಗಿದ್ರೆ ಹೊಸ ಪ್ಯಾಡ್ ಹಾಕಿ ಪ್ರಯೋಜನ ಇಲ್ಲ.

ಇನ್ನೊಂದು, ಪಿಸ್ಟನ್ ಒಳಗೆ ಹೋದಂಗೆ ಬಾನೆಟ್ ಒಳಗಿನ ಡಬ್ಬೀಲಿ ಬ್ರೇಕ್ ಆಯಿಲ್ ಮೇಲಕ್ಕೆ ಬರತ್ತೆ. ಯಾರಾದ್ರೂ ತುಂಬಿಸಿಟ್ಟಿದ್ರೆ ಉಕ್ಕತ್ತೆ, ಪೇಂಟ್ ಸುಲಿಯತ್ತೆ. ಸಿರಿಂಜಲ್ಲಿ ಸ್ವಲ್ಪ ತೆಗ್ದಿರೋಣ.

ಎಲ್ಲಾ ಮುಗ್ಸಿ ಚಕ್ರ ಹಾಕಿ ಖುಷೀಲಿ ರಿವರ್ಸ್ ತಗೊಂಡುಬಿಡ್ತಾರೆ, ಅಲ್ಲೇ ಗೇಟಿಗೆ ಗುದ್ದೋದು. ಪಿಸ್ಟನ್ ಹಿಂದೆ ಹೋಗಿರೋದ್ರಿಂದ ಮೊದಲ ಸಲ ಪೆಡಲ್ ಸೀದಾ ನೆಲಕ್ಕೆ ಇಳಿಯತ್ತೆ. ಕಾರು ಅಲುಗೋಕೆ ಮುಂಚೆ, ಗಟ್ಟಿ ಸಿಗೋವರೆಗೂ ತುಳಿ, ತುಳೀತಾನೇ ಇರು. ಆಮೇಲೆ ಹ್ಯಾಂಡ್ ಬ್ರೇಕ್ ಎಳೆದು ನೋಡು. ಬೆಳಿಗ್ಗೆ 6ಕ್ಕೆ ರಸ್ತೆ ಖಾಲಿ ಇರೋವಾಗ ಸ್ಪೀಡನ್ನ ಗಂಟೆಗೆ 50 ಕಿಲೋಮೀಟರಿಂದ 10ಕ್ಕೆ ಹದವಾಗಿ ಎಂಟು ಹತ್ತು ಸಲ ಇಳ್ಸಿ, ಮಧ್ಯೆ ಮಧ್ಯೆ ತಣ್ಣಗಾಗೋಕೆ ಬಿಟ್ರೆ ಪ್ಯಾಡ್ ಡಿಸ್ಕಿಗೆ ಹೊಂದ್ಕೊಂಡು ಕೂರತ್ತೆ. ಆ ಟ್ರಾಫಿಕ್ಕಲ್ಲಿ ಸಿಲ್ಕ್ ಬೋರ್ಡ್ ಕಡೆ ಹೋಗಿ ಮಾಡ್ತೀನಿ ಅನ್ಬೇಡ ಮತ್ತೆ.

ಸರಿ, ಕುಕ್ಕರ್ ಮೂರನೇ ಸಲ ಕೂಗ್ತು, ನಿಮ್ಮತ್ತೆ ಕರೀತಿದಾಳೆ. ಲಿವರ್ರೋ ಬಟನ್ನೋ, ಫೋಟೋ ಹಾಕು.