‘ಕಳಚು’ ಮತ್ತು ‘ಬಿಚ್ಚು’: ಮತ್ತೆ ನಿಲ್ಲಿಸಲೆಂದು ಕಟ್ಟಡ ತೆಗೆಯುವುದಕ್ಕೆ ಯಾವ ಕ್ರಿಯಾಪದ?

ಹಳೆಯ ಮರದ ಕೊಟ್ಟಿಗೆಯನ್ನೋ ಕಣಜವನ್ನೋ ಒಂದೆಡೆಯಿಂದ ತೆಗೆದು, ಅದೇ ಕಂಬ, ಅದೇ ತೊಲೆಗಳಿಂದ ಇನ್ನೊಂದೆಡೆ ಮತ್ತೆ ನಿಲ್ಲಿಸುವ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ. ಅದರ ಮೊದಲ ಹಂತಕ್ಕೆ ಸರಿಯಾದ ಕ್ರಿಯಾಪದ ಯಾವುದು ಎಂಬುದು ನನ್ನ ಪ್ರಶ್ನೆ. ‘ಕೆಡವು’ ಎಂದರೆ ಕಟ್ಟಡದ ಕಥೆ ಅಲ್ಲಿಗೆ ಮುಗಿಯಿತು ಎಂದಾಗುತ್ತದೆ. ಪತ್ರಿಕೆಗಳ ‘ತೆರವು’ ಖಾಲಿಯಾಗುವ ಜಾಗವನ್ನು ಹೇಳುತ್ತದೆಯೇ ಹೊರತು ಅಲ್ಲಿಂದ ಹೊರಟ ವಸ್ತುವನ್ನಲ್ಲ. ‘ಕೀಳು’ ಗುಡಾರಕ್ಕೂ ಗೂಟಕ್ಕೂ ಒಗ್ಗುತ್ತದೆ, ಆದರೆ ಅದರಲ್ಲಿ ಬಲಪ್ರಯೋಗದ ಛಾಯೆಯಿದೆ. ಈ ಕೆಲಸದಲ್ಲಿ ತಪ್ಪಿಸಬೇಕಾದದ್ದು ಅದನ್ನೇ.

ಉಳಿಯುವವು ‘ಬಿಚ್ಚು’ ಮತ್ತು ‘ಕಳಚು’. ಕಟ್ಟಿದ್ದನ್ನು, ಸುತ್ತಿದ್ದನ್ನು, ತಿರುಚಿ ಬಿಗಿದದ್ದನ್ನು ನಾವು ಬಿಚ್ಚುತ್ತೇವೆ: ಗಂಟು, ಚಪ್ಪರ, ಬೋಲ್ಟು. ಒಂದಕ್ಕೊಂದು ಸಿಕ್ಕಿಸಿದ್ದನ್ನು, ತೊಟ್ಟದ್ದನ್ನು ಕಳಚುತ್ತೇವೆ: ಕೊಂಡಿ, ಒಡವೆ. ಹಳೆಯ ಮರದ ಚೌಕಟ್ಟುಗಳಲ್ಲಿ ಒಂದು ಮರದ ತುದಿಯನ್ನು ನಾಲಿಗೆಯಂತೆ ಕೆತ್ತಿ, ಇನ್ನೊಂದರಲ್ಲಿ ಕೊರೆದ ಕುಳಿಗೆ ಕೂರಿಸಿ, ಅಡ್ಡಲಾಗಿ ಮರದ ಗೂಟ ಬಡಿದಿರುತ್ತಾರೆ. ಆ ಗೂಟವನ್ನು ಸಣ್ಣ ತುದಿಯ ಕಡೆಯಿಂದ ಹಿಂದಕ್ಕೆ ಬಡಿದು ತೆಗೆದ ಮೇಲೆ, ತೊಲೆಯನ್ನು ಕುಳಿಯಿಂದ ನೇರವಾಗಿ ಎಳೆದುಕೊಳ್ಳಬೇಕು. ಓರೆಯಾಗಿ ಎಳೆದರೆ ನಾಲಿಗೆಯೇ ಸೀಳುತ್ತದೆ. ಇದಕ್ಕೆ ‘ಕಳಚು’ ಎಂಬುದೇ ಹೊಂದುತ್ತದೆ ಎಂದು ನನ್ನ ಅಭಿಪ್ರಾಯ. ಒಂದೇ ತೊಡಕೆಂದರೆ, ‘ತೊಲೆ ಕಳಚಿತು’ ಎಂದ ಕೂಡಲೇ ಅದು ಅಪಘಾತದ ಸುದ್ದಿಯಾಗುತ್ತದೆ. ‘ತೊಲೆಯನ್ನು ಕಳಚಿದರು’ ಎಂದು ಕರ್ತೃವನ್ನೂ ಕರ್ಮವನ್ನೂ ಸ್ಪಷ್ಟವಾಗಿಟ್ಟರೆ ಆ ಗೊಂದಲವಿಲ್ಲ.

ಇಲ್ಲಿ ಇನ್ನೊಂದು ಸಂಗತಿಯಿದೆ. ಯುರೋಪಿನ ಹಳೆಯ ಮರಗೆಲಸದಲ್ಲಿ ಬಡಗಿಗಳು ಚೌಕಟ್ಟನ್ನು ತಮ್ಮ ಅಂಗಳದಲ್ಲೇ ಕೆತ್ತಿ ಹೊಂದಿಸಿ ನೋಡಿ, ಪ್ರತಿ ಸಂದಿಗೂ ಗುರುತು ಹಾಕಿ, ಕಳಚಿ, ಕಟ್ಟುವ ಜಾಗಕ್ಕೆ ಒಯ್ಯುತ್ತಿದ್ದರು. ಆ ಗುರುತುಗಳು ಬಹುಪಾಲು ರೋಮನ್ ಅಂಕಿಗಳನ್ನು ಹೋಲುತ್ತವೆ, ಏಕೆಂದರೆ ಉಳಿಯಿಂದ ನೇರ ಗೆರೆ ಕೊರೆಯುವುದು ಸುಲಭ. ಅಂದರೆ ಕಳಚುವುದು ಅಂಥ ಕಟ್ಟಡದ ಹುಟ್ಟಿನಲ್ಲೇ ಸೇರಿತ್ತು. 1891ರಲ್ಲಿ ಸ್ಟಾಕ್‌ಹೋಮಿನಲ್ಲಿ ಆರಂಭವಾದ ಸ್ಕಾನ್ಸೆನ್ ಬಯಲು ವಸ್ತುಸಂಗ್ರಹಾಲಯದಲ್ಲಿ ಹೀಗೆ ಬೇರೆಡೆಯಿಂದ ತಂದು ನಿಲ್ಲಿಸಿದ ರೈತರ ಮನೆಗಳೂ ಕೊಟ್ಟಿಗೆಗಳೂ ಇವೆ.

ಹಾಗೆಂದು ಇಡೀ ಕೆಲಸಕ್ಕೆ ಒಂದೇ ಕ್ರಿಯಾಪದ ಸಾಕಾಗದು. ಹಂಚನ್ನು ಇಳಿಸುತ್ತಾರೆ, ಅದೂ ಎರಡೂ ಇಳಿಜಾರುಗಳಿಂದ ಸಮನಾಗಿ. ಇಲ್ಲವಾದರೆ ಭಾರ ಒಂದು ಕಡೆಗೆ ವಾಲಿ ಚೌಕಟ್ಟು ಸೊಟ್ಟಗಾಗುತ್ತದೆ. ರೀಪಿನ ಮೊಳೆಗಳನ್ನು ಕೀಳುತ್ತಾರೆ, ಸಂದುಗಳನ್ನು ಕಳಚುತ್ತಾರೆ.

‘ಸ್ಥಳಾಂತರ’ ಎಂಬ ಪದವನ್ನು ಶೀರ್ಷಿಕೆಗೆ ಬಳಸಲು ನನಗೆ ಹಿಂಜರಿಕೆಯಿದೆ, ಏಕೆಂದರೆ ಕಟ್ಟಡವನ್ನು ಇಡಿಯಾಗಿ ಎತ್ತಿ ಉರುಳೆಗಳ ಮೇಲೆ ಸಾಗಿಸುವುದೂ ಸ್ಥಳಾಂತರವೇ. ‘ಮರುಬಳಕೆ’ ಇನ್ನೂ ಸಡಿಲ. ತೊಲೆಯನ್ನು ಕೊಯ್ದು ಬೆಂಚು ಮಾಡಿದರೂ ಆ ಪದ ಸಲ್ಲುತ್ತದೆ. ಹಾಗಾಗಿ ಸದ್ಯಕ್ಕೆ ‘ಕಳಚಿ ನಿಲ್ಲಿಸುವುದು’ ಎಂದು ಬರೆದಿಟ್ಟಿದ್ದೇನೆ. ‘ಕಳಚುವಿಕೆ’ ವ್ಯಾಕರಣಕ್ಕೆ ಸರಿಯಾದರೂ ಬಾಯಿಗೆ ಬಾರದ ಪದ. ‘ಮರಗೆಲಸ’ದ ಮಾದರಿಯಲ್ಲಿ ‘ಕಳಚುಗೆಲಸ’ ಎಂದರೆ ಓದುಗರಿಗೆ ತಟ್ಟನೆ ಅರ್ಥವಾದೀತೆ, ಅಥವಾ ಬಡಗಿಗಳ ಬಾಯಲ್ಲಿ ಇದಕ್ಕೆ ಬೇರೆ ನಾಮಪದವೇ ಇದೆಯೆ? ತಿಳಿದವರು ಬಳಕೆಯ ವಾಕ್ಯದೊಡನೆ ತಿಳಿಸಬೇಕೆಂದು ಕೋರುತ್ತೇನೆ.