ಕೋಳಿಯ ಗಾಯಕ್ಕೆ ‘ಕೀವು’, ‘ಕೊಳೆತ’, ‘ಮಾಯುವುದು’: ಬಳಕೆ ಸರಿಯೇ?

ಪ್ರಶ್ನೆ: ನಾಯಿ, ಮುಂಗುಸಿ, ಕಾಡುಬೆಕ್ಕಿನಿಂದ ಪಾರಾಗಿ ಉಳಿದ ಹಿತ್ತಲ ಕೋಳಿಯ ಆರೈಕೆ ಬಗ್ಗೆ ಒಂದು ಕೈಪತ್ರ ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಓದುವವರು ಮನೆಯಲ್ಲಿ ನಾಟಿ, ಗಿರಿರಾಜ ಕೋಳಿ ಸಾಕಿದವರು. ಕರಡಿನ ಶೀರ್ಷಿಕೆ ‘ಪರಭಕ್ಷಕ ದಾಳಿಗೊಳಗಾದ ಕೋಳಿ’. ಒಳಗೆ ನಾಲ್ಕು ಸಾಲುಗಳ ಬಗ್ಗೆ ಅನುಮಾನ: ‘ಕೋಳಿಗೆ ನೀರು ಕುಡಿಸಿ’, ‘ಕೀವು ಹಿಂಡಿ ತೆಗೆಯಿರಿ’, ‘ಹಸಿರಾದರೆ ಚರ್ಮ ಕೊಳೆತಿದೆ ಎಂದರ್ಥ’, ‘ಗಾಯ ಮಾಯ್ದ ಕೂಡಲೇ ಗುಂಪಿಗೆ ಬಿಡಿ’. ಪದಗಳು ಸರಿಯಾಗಿವೆಯೇ?

ಉತ್ತರ: ‘ಪರಭಕ್ಷಕ’ ಪಾಠಪುಸ್ತಕದ ಪದ, ಹಿತ್ತಲಲ್ಲಿ ಯಾರೂ ಆಡುವುದಿಲ್ಲ. ‘ನಾಯಿ, ಮುಂಗುಸಿ ಬಾಯಿ ಹಾಕಿದ ಕೋಳಿ’ ಎಂದರೆ ಸಾಕು. ‘ಹಿಡಿದ’ ಎಂದರೆ ಹೊತ್ತೊಯ್ದಿತು ಎಂಬ ಅರ್ಥವೂ ಬರುತ್ತದೆ. ‘ಬಾಯಿ ಹಾಕಿದ’ ಎಂದಾಗ ಕೋಳಿ ಉಳಿದಿದೆ, ಹಲ್ಲು ತಾಗಿದೆ ಎರಡೂ ತಿಳಿಯುತ್ತದೆ. ಹಲ್ಲಿನ ತೂತು ಹೊರಗೆ ಸಣ್ಣದು, ಒಳಗೆ ಆಳ, ಮೇಲೆ ಗರಿ ಮುಚ್ಚಿರುತ್ತದೆ. ಹಾಗಾಗಿ ‘ಗರಿ ಬಿಡಿಸಿ ಬೆನ್ನು, ರೆಕ್ಕೆಯಡಿ, ಬಾಲದ ಬುಡ ನೋಡಿ’ ಎಂಬ ಸಾಲು ಶೀರ್ಷಿಕೆಯ ಕೆಳಗೇ ಬರಲಿ. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಬೆಕ್ಕಿನ ಹಲ್ಲು ತಾಗಿದ್ದರೆ ತೂತು ಎಷ್ಟೇ ಚಿಕ್ಕದಿರಲಿ, ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. ಹದ್ದಿಗೆ ಮಾತ್ರ ‘ಎರಗಿದ’ ಎನ್ನಿ. ಅದರದ್ದು ಉಗುರಿನ ಗಾಯ.

‘ಕುಡಿಸಿ’ ಬೇಡ, ‘ನೀರು ಇಡಿ’ ಎಂದು ತಿದ್ದಿ. ಕುಡಿಸುವುದು ಎಂದರೆ ನಮ್ಮ ಜನ ಕೊಕ್ಕು ತೆರೆದು ಹೊಯ್ಯುತ್ತಾರೆ. ಕೋಳಿಗೆ ಉಸಿರು ಕೊಳವೆಯ ಬಾಯಿ ನಾಲಿಗೆಯ ಹಿಂದೆಯೇ ಇದೆ. ಬೆದರಿ ಸುಸ್ತಾದ ಕೋಳಿ ನುಂಗಲಾರದೆ ನೀರು ನೇರ ಶ್ವಾಸಕೋಶಕ್ಕೆ ಇಳಿದು ಸಾಯುತ್ತದೆ. ಗಾಯದಿಂದ ಉಳಿದದ್ದು ಹೀಗೆ ಹೋದರೆ ಅದಕ್ಕಿಂತ ಸಂಕಟ ಇನ್ನೊಂದಿಲ್ಲ. ಮೊದಲು ರಟ್ಟಿನ ಪೆಟ್ಟಿಗೆ, ಕತ್ತಲು, ಸದ್ದಿಲ್ಲದ ಜಾಗ, ಸುಮಾರು 28–30 ಡಿಗ್ರಿ ಬಿಸುಪು. ಬಲ್ಬು ಹಾಕುವುದಾದರೆ ಪೆಟ್ಟಿಗೆಯ ಒಂದೇ ಬದಿಗೆ ಹಾಕಿ; ಸೆಕೆಯಾದರೆ ಕೋಳಿ ಇನ್ನೊಂದು ಬದಿಗೆ ಸರಿದುಕೊಳ್ಳಲಿ. ತಲೆ ಎತ್ತಿ ಕೂತ ಮೇಲೆ ಬಟ್ಟಲಲ್ಲಿ ನೀರಿಟ್ಟು, ಕೊಕ್ಕಿನ ತುದಿಗೆ ಒಂದು ಹನಿ ತಾಗಿಸಿದರೆ ತಾನೇ ಕುಡಿಯುತ್ತದೆ.

ಇನ್ನು ‘ಕೀವು’. ಇಡೀ ಕೈಪತ್ರದಲ್ಲಿ ಹೆಚ್ಚು ಹಾನಿ ಮಾಡುವ ಸಾಲು ಇದೇ. ಕನ್ನಡದಲ್ಲಿ ಕೀವು ಸೋರುತ್ತದೆ, ಒಸರುತ್ತದೆ, ಒಡೆಯುತ್ತದೆ. ‘ರಸಿಗೆ’ ಕೂಡ ಹಾಗೆಯೇ, ಎರಡೂ ದ್ರವ. ಹಕ್ಕಿಗಳಲ್ಲಿ ಕೀವು ಸಾಮಾನ್ಯವಾಗಿ ದ್ರವವಾಗಿರುವುದಿಲ್ಲ. ಅವುಗಳ ಬಿಳಿ ರಕ್ತಕಣವಾದ ಹೆಟೆರೊಫಿಲ್‌ನಲ್ಲಿ ಮೈಲೊಪೆರಾಕ್ಸಿಡೇಸ್ ಎಂಬ ಕಿಣ್ವ ಇರದ ಕಾರಣ ಕೀವು ಕರಗದೆ ಗಿಣ್ಣದ ಹಾಗೆ ಹಳದಿ ಗಟ್ಟಿಯಾಗಿ ಕೂರುತ್ತದೆ. ‘ಹಿಂಡಿ’ ಎಂದು ಓದಿದವರು ಒತ್ತಿ ಒತ್ತಿ ತೆಳ್ಳನೆಯ ಚರ್ಮ ಹರಿಯುತ್ತಾರೆ, ಗಡ್ಡೆ ಅಲ್ಲೇ ಉಳಿಯುತ್ತದೆ. ಮತ್ತೆ ಕೆಲವರು ಏನೂ ಸೋರುತ್ತಿಲ್ಲ, ಹಾಗಾಗಿ ಕೀವಾಗಿಲ್ಲ ಎಂದು ಸುಮ್ಮನಾಗುತ್ತಾರೆ. ‘ಕೀವುಗಡ್ಡೆ’ ಎಂದು ಬರೆದು, ‘ಒತ್ತಬೇಡಿ, ವೈದ್ಯರು ಕೊಯ್ದು ತೆಗೆಯಬೇಕು’ ಎಂದು ಸೇರಿಸಿ.

ಮನೆಯಲ್ಲಿ ಮಾಡಬೇಕಾದ್ದು ‘ತೊಳೆಯುವುದು’: ಕುದಿಸಿ ಆರಿಸಿದ 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಸೂಜಿ ತೆಗೆದ ಸಿರಿಂಜಿನಿಂದ ಮೆಲ್ಲಗೆ. ಆದರೆ ಗಾಯದ ಸುತ್ತ ಗಾಳಿ ತುಂಬಿ ಚರ್ಮ ಉಬ್ಬಿದ್ದರೆ, ಮುಟ್ಟಿದಾಗ ಚರಚರ ಎಂದರೆ ನೀರು ಹೊಯ್ಯಬೇಡಿ. ಶ್ವಾಸಕೋಶಕ್ಕೆ ಸೇರಿಕೊಂಡಿರುವ ಗಾಳಿಚೀಲ ತೂತಾಗಿರಬಹುದು, ನೀರು ಒಳಗಿಳಿಯುತ್ತದೆ. ಆಳದ ತೂತಿಗೆ ಅರಿಶಿನ ಪುಡಿ ತುಂಬುವುದೂ ಬೇಡ. ಬಾಯಿ ಕಟ್ಟಿಕೊಂಡು ಕೊಳೆ ಒಳಗೇ ಉಳಿಯುತ್ತದೆ. ನೊಣ ಕೂರದಂತೆ ಪೆಟ್ಟಿಗೆಗೆ ಸೊಳ್ಳೆಪರದೆ ಕಟ್ಟಿ, ದಿನಕ್ಕೆ ಎರಡು ಸಲ ಗಾಯ ನೋಡಬೇಕು. ಒಂದೇ ದಿನದಲ್ಲಿ ಹುಳ ಬೀಳುತ್ತವೆ.

‘ಹಸಿರಾದರೆ ಕೊಳೆತಿದೆ’ ಎಂಬುದು ಪದದ ತಪ್ಪಲ್ಲ, ವಿಷಯದ ತಪ್ಪು. ನಮ್ಮ ಮೈಗೆ ಪೆಟ್ಟು ಬಿದ್ದರೆ ಕಂದುಗಟ್ಟಿ, ನೀಲಿಗಟ್ಟಿ, ಹಳದಿಗೆ ತಿರುಗುತ್ತದೆ. ಹೆಪ್ಪುಗಟ್ಟಿದ ರಕ್ತ ಒಡೆದಾಗ ಬಿಲಿವರ್ಡಿನ್ ಎಂಬ ಹಸಿರು ಬಣ್ಣದ ವಸ್ತು ಹುಟ್ಟುತ್ತದೆ; ಅದನ್ನು ಹಳದಿ ಬಿಲಿರುಬಿನ್ ಮಾಡುವ ಕಿಣ್ವ ಕೋಳಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಒಂದೆರಡು ದಿನಕ್ಕೆ ಪೆಟ್ಟಿನ ಜಾಗ ಹಸಿರಾಗುವುದು ಸಹಜ. ಇದಕ್ಕೆ ‘ಹಸಿರುಗಟ್ಟಿದ ಪೆಟ್ಟು’ ಎನ್ನಿ. ಗಟ್ಟು ಸೇರಿದ ರೂಪ ಎಲ್ಲರಿಗೂ ಗೊತ್ತು. ‘ಕೊಳೆತ’ ಎಂಬುದನ್ನು ನಾರುವ, ಕಪ್ಪಾದ, ಮುಟ್ಟಿದರೆ ತಣ್ಣಗಿರುವ ಚರ್ಮಕ್ಕೆ ಮೀಸಲಿಡಿ. ಬರೀ ಹಸಿರು ಕಂಡು ಕೋಳಿ ಕೆಟ್ಟಿತು ಎಂದು ಕೊಯ್ದುಬಿಡುವುದು ತಪ್ಪಬೇಕು.

‘ಮಾಯು’ ಒಳ್ಳೆಯ ಪದ, ಬಿಡಬೇಡಿ. ‘ಗುಣವಾಯಿತು’ ಇಡೀ ಕೋಳಿಗೆ, ‘ಮಾಯಿತು’ ಗಾಯಕ್ಕೆ. ಆದರೆ ಮಾಯ್ದ ಕೂಡಲೇ ಬಿಟ್ಟರೆ ಬೋಳು ಕೆಂಪು ಚರ್ಮವನ್ನು ಉಳಿದ ಕೋಳಿಗಳು ಕುಕ್ಕಿ ಮತ್ತೆ ಗಾಯ ಮಾಡುತ್ತವೆ. ‘ಮಾಯ್ದು ಗರಿ ಮುಚ್ಚಿದ ಮೇಲೆ’ ಎಂದಾಗಲಿ. ಬುಡದಿಂದ ಕಿತ್ತುಬಂದ ಗರಿ ಬೇಗ ಹುಟ್ಟುತ್ತದೆ. ನಡುವೆ ಮುರಿದದ್ದು ಗರಿ ಉದುರುವ ಕಾಲದವರೆಗೂ ಹಾಗೇ ಇರುತ್ತದೆ. ಅಲ್ಲಿಯವರೆಗೆ ಜಾಲರಿಯ ಆಚೆ ಗುಂಪಿಗೆ ಕಾಣುವಂತೆ ಇಟ್ಟರೆ ಮರಳಿ ಸೇರಿಸುವಾಗ ಕಾದಾಟ ಕಡಿಮೆ.

ಮತ್ತೊಂದು ಉತ್ತರ: ಮೇಲಿನದೆಲ್ಲ ಒಪ್ಪಿಗೆ. ಕರಡಿನಲ್ಲಿ ‘ಅನ್ನಚೀಲ’ ಇದ್ದರೆ ‘ಕತ್ತಿನ ಬುಡದ ಮೇವಿನ ಚೀಲ’ ಎಂದು ಬಿಡಿಸಿ ಬರೆಯಿರಿ, ಹೊಟ್ಟೆ ಎಂದುಕೊಳ್ಳುವವರಿದ್ದಾರೆ. ಎದೆಯ ಗಾಯದಿಂದ ಕುಡಿದ ನೀರು, ತಿಂದ ಕಾಳು ಹೊರಬಂದರೆ ಆ ಚೀಲ ಹರಿದಿದೆ, ಹೊಲಿಗೆ ಹಾಕಿಸಲೇಬೇಕು. ಔಷಧಿ ಕೊಟ್ಟಿದ್ದರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದು ವೈದ್ಯರನ್ನು ಕೇಳಿ, ಆ ದಿನಗಳನ್ನು ಬರೆದುಕೊಳ್ಳಲು ಕೈಪತ್ರದಲ್ಲಿ ಒಂದು ಖಾಲಿ ಗೆರೆ ಬಿಡಿ.