ಪಟಾಕಿ ಸದ್ದಿಗೆ ಹೆದರುವ ನಾಯಿ, ಬೆಕ್ಕು, ದನ: ಮಲೆನಾಡಿನವರ ಅನುಭವ

ಶಿವಮೊಗ್ಗ, ಗಾಂಧಿ ಬಜಾರ್ ಹತ್ತಿರದಿಂದ ಕೇಳಿದ್ದು:
ಗಣಪತಿ ಮೆರವಣಿಗೆ ನಮ್ಮ ಬೀದಿ ದಾಟುವಾಗ ಡೊಳ್ಳು, ಪಟಾಕಿ ಸದ್ದಿಗೆ ನಮ್ಮನೆ ನಾಯಿ ಕರಿಯ ಕಂಗಾಲಾಗಿ ಬಚ್ಚಲಮನೆ ಹಂಡೆ ಸಂದಿಗೆ ನುಗ್ಗಿಬಿಟ್ಟ. ಮೈಯೆಲ್ಲಾ ನಡುಕ, ಬಾಯಿಂದ ಜೊಲ್ಲು. ಮಾರನೇ ದಿನ ಮಧ್ಯಾಹ್ನದವರೆಗೂ ಊಟ ಮುಟ್ಟಲಿಲ್ಲ. ಇನ್ನು ದೀಪಾವಳಿ ಬರ್ತಾ ಇದೆ. ಅಮ್ಮ "ಮುದ್ದು ಮಾಡಬೇಡ, ಇನ್ನೂ ಹೆದರ್ತಾನೆ" ಅಂತಾರೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ತೀರ್ಥಹಳ್ಳಿ ಕಡೆಯಿಂದ:
ನಮ್ಮದು ತೋಟದ ಮನೆ. ಮಂಗ ಓಡಿಸೋಕೆ ಗರ್ನಾಲು ಹೊಡೆಯೋದು ಇದ್ದದ್ದೇ. ಆದರೂ ನಮ್ಮ ರಾಜನಿಗೆ ಆ ಸದ್ದು ರೂಢಿ ಆಗಲೇ ಇಲ್ಲ. "ಕೇಳ್ತಾ ಕೇಳ್ತಾ ಸರಿಹೋಗ್ತದೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೆದರುವ ನಾಯಿಗೆ ಸಲದಿಂದ ಸಲಕ್ಕೆ ಹೆದರಿಕೆ ಹೆಚ್ಚೋದೇ ಜಾಸ್ತಿ.

ಕೈ ಹಿಡಿದದ್ದು ಹಬ್ಬಕ್ಕೆ ಎಷ್ಟೋ ಮೊದಲೇ ಶುರು ಮಾಡಿದ ಅಭ್ಯಾಸ. ಮೊಬೈಲಲ್ಲಿ ಪಟಾಕಿ ಸದ್ದನ್ನ ತೀರಾ ಸಣ್ಣಗೆ ಹಾಕ್ತೀವಿ, ಕಿವಿ ನಿಮಿರಿಸಬೇಕು, ಗಾಬರಿ ಆಗಬಾರದು, ಅಷ್ಟೇ. ಸದ್ದು ಕೇಳಿದ ಕೂಡಲೇ ಬೇಯಿಸಿದ ಕೋಳಿಯ ಚೂರು. ಸದ್ದು ನಿಂತರೆ ಚೂರೂ ಬಂದ್. ದಿನಾ ಸ್ವಲ್ಪ ಹೊತ್ತು ಸಾಕು, ಆದರೆ ಬಿಡದೆ ಮಾಡಬೇಕು. ಸದ್ದು ಏರಿಸೋ ಮುಂಚೆ ಅವನ ಮುಖ ನೋಡ್ತೀನಿ. ನಾಲಿಗೆಯಿಂದ ಮೂಗು ಸವರಿಕೊಳ್ಳೋದು, ನಿದ್ದೆ ಇಲ್ಲದೆ ಆಕಳಿಸೋದು, ಬಾಲ ಕಾಲ ಸಂದಿಗೆ ಹೋಗೋದು, ಇಷ್ಟದ ಚೂರನ್ನೂ ಮೂಸಿ ಬಿಡೋದು – ಇವು ಕಂಡರೆ ಸದ್ದು ಜೋರಾಯ್ತು ಅಂತ ಅರ್ಥ. ಹಿಂದಿನ ದಿನದ ಮಟ್ಟಕ್ಕೆ ಇಳಿಸಿಬಿಡಿ. ಹಬ್ಬ ಹತ್ತಿರ ಬಂದು ನಿಜವಾದ ಪಟಾಕಿ ಶುರುವಾದ ಮೇಲೆ ಈ ಅಭ್ಯಾಸ ನಿಲ್ಲಿಸಿ.

ಕರಿಯ ಹಂಡೆ ಸಂದಿ ಆರಿಸಿಕೊಂಡಿದ್ದಾನಲ್ಲ, ಅದು ಅವನ ಜಾಗ. ಅಲ್ಲಿಂದ ಎಳೆಯೋಕೆ ಹೋಗಬೇಡಿ. ಹಬ್ಬದ ದಿನ ಒಲೆ ಬೇಗ ಆರಿಸಿ, ಹಳೇ ಕಂಬಳಿ ಹಾಸಿ, ನೀರಿಡಿ, ಕಿಟಕಿಗೆ ಗೋಣಿಚೀಲ ಕಟ್ಟಿ. ಬಚ್ಚಲ ಬಾಗಿಲು ತೆರೆದಿರಲಿ, ಹೊರಬಾಗಿಲು ಭದ್ರವಾಗಿರಲಿ. ಫ್ಯಾನು, ಟಿವಿ ಹಾಕಿದರೆ ಹೊರಗಿನ ಸದ್ದು ಸ್ವಲ್ಪ ಮುಚ್ಚಿಹೋಗ್ತದೆ. ನಮ್ಮ ಕಡೆ ಕರೆಂಟು ನಂಬೋ ಹಾಗಿಲ್ಲ, ಹಾಗಾಗಿ ಬ್ಯಾಟರಿ ರೇಡಿಯೋ ಇಟ್ಕೊಂಡಿದೀವಿ. ಅಂಗಳದಲ್ಲಿ ಚೈನು ಹಾಕಿ ಕಟ್ಟೋದಂತೂ ಬೇಡವೇ ಬೇಡ. ಓಡೋಕೂ ಆಗದೆ, ಅಡಗೋಕೂ ಆಗದೆ ಕುತ್ತಿಗೆ ಗಾಯ ಮಾಡ್ಕೊಳ್ತಾವೆ.

2018ರಲ್ಲಿ ಸುಪ್ರೀಂ ಕೋರ್ಟು ದೀಪಾವಳಿ ಪಟಾಕಿಗೆ ರಾತ್ರಿ 8ರಿಂದ 10 ಅಂತ ಸಮಯ ಗೊತ್ತು ಮಾಡಿದೆ. ಆದರೆ ಬೀದಿ ಮಕ್ಕಳು ಕತ್ತಲಾಗೋದನ್ನೇ ಕಾಯ್ತಿರ್ತಾರೆ. ಸಂಜೆ ಬೆಳಕಿರುವಾಗಲೇ ಸುತ್ತಾಡಿಸಿ, ಊಟ ಹಾಕಿ ಮುಗಿಸಿ. ನರಕ ಚತುರ್ದಶಿಯ ಬೆಳಗಿನ ಜಾವ ಎಣ್ಣೆ ಸ್ನಾನ ಆದಮೇಲೂ ಪಟಾಕಿ ಹೊಡೀತಾರೆ, ಅದನ್ನ ತುಂಬಾ ಜನ ಮರೀತಾರೆ. ನಾಯಿಯನ್ನ ಉಚ್ಚೆಗೆ ಹೊರಗೆ ಬಿಡೋದು ಅದೇ ಹೊತ್ತಲ್ಲಿ.

ಇನ್ನು ಅಮ್ಮನ ಮಾತು. ಹೆದರಿಕೆ ಮುದ್ದಿನಿಂದ ಬೆಳೆಯೋದಲ್ಲ. ಅವನಾಗಿ ಬಂದು ಒರಗಿದರೆ ಬೆನ್ನು ಸವರಿ, ಮೆಲ್ಲಗೆ ಮಾತಾಡ್ಸಿ. ಬಂದಿಲ್ಲ ಅಂದರೆ ಅಪ್ಪಿ ಹಿಡಿದು ಕೂರಿಸಬೇಡಿ. ಬೈಯೋದು, ಹೊಡೆಯೋದು ಯಾವತ್ತೂ ಬೇಡ. ಅಮ್ಮನಿಗೂ ಇದನ್ನ ನಿಧಾನಕ್ಕೆ ಹೇಳಿ.

ಶಿವಮೊಗ್ಗದಿಂದ, ಪಶುವೈದ್ಯೆ:
ಮೇಲಿನವರು ಹೇಳಿದ್ದು ಸರಿಯಾಗಿದೆ. ನಮ್ಮ ಕಿವಿಗೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿದರೆ ನಾಯಿಗೆ ಸುಮಾರು 45,000, ಬೆಕ್ಕಿಗೆ ಸುಮಾರು 64,000ದವರೆಗೆ ಕೇಳುತ್ತೆ. ನಮಗೆ ಕೇಳದ್ದೂ ಅವಕ್ಕೆ ಕೇಳ್ತಿರುತ್ತೆ.

ಜೊಲ್ಲು, ನಡುಕ, ಮಾರನೇ ದಿನವೂ ಊಟ ಬಿಟ್ಟದ್ದು ಅಂದರೆ ಕರಿಯನ ಹೆದರಿಕೆ ಸಣ್ಣದಲ್ಲ. ಈಗಲೇ ವೈದ್ಯರಿಗೆ ತೋರಿಸಿ. ವಿನೋಬನಗರದ ಪಶುವೈದ್ಯಕೀಯ ಕಾಲೇಜಿಗೂ ಕರಕೊಂಡು ಹೋಗಬಹುದು. ಹೆದರಿಕೆ ತಗ್ಗಿಸೋ ಟ್ರಾಜೊಡೋನ್, ಗ್ಯಾಬಪೆಂಟಿನ್‌ನಂಥ ಮಾತ್ರೆಗಳನ್ನ ತೂಕ, ವಯಸ್ಸು, ಹೃದಯ, ಲಿವರ್ ನೋಡಿ ಬರೆದುಕೊಡ್ತಾರೆ. ಹಬ್ಬಕ್ಕೆ ಮೊದಲು ಒಂದು ಶಾಂತ ದಿನ ಕೊಟ್ಟು ನೋಡಿ, ಹೇಗೆ ಒಗ್ಗುತ್ತೆ ಅಂತ ತಿಳಿಯುತ್ತೆ. ಹಬ್ಬದ ದಿನ ಸದ್ದು ಶುರುವಾಗೋಕೆ ಒಂದೆರಡು ಗಂಟೆ ಮೊದಲೇ ಹೊಟ್ಟೆಗೆ ಬಿದ್ದಿರಬೇಕು, ನಡುಗೋಕೆ ಶುರುವಾದಮೇಲೆ ಕೊಟ್ಟರೆ ಅಷ್ಟು ಕೆಲಸ ಮಾಡಲ್ಲ. ಅಸಿಪ್ರೋಮಜಿನ್ ಅನ್ನೋ ಮಂಪರಿನ ಔಷಧಿ ಒಂದನ್ನೇ ಕೊಡಿಸಬೇಡಿ. ಮೈ ಜೋತುಬೀಳುತ್ತೆ, ಒಳಗಿನ ಹೆದರಿಕೆ ಹಾಗೇ ಇರುತ್ತೆ. ನೋಡೋರಿಗೆ ಮಾತ್ರ ಸಮಾಧಾನ.

ನಿಮ್ಮ ನಿದ್ದೆ ಮಾತ್ರೆ, ನೋವಿನ ಮಾತ್ರೆ ಯಾವುದನ್ನೂ ನೀವೇ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿನ ಪ್ರಾಣ ತೆಗೆಯುತ್ತೆ. ಹಬ್ಬದ ಪಾಯಸದ ಒಣದ್ರಾಕ್ಷಿ ನಾಯಿಗೆ ವಿಷ, ಮೂತ್ರಪಿಂಡ ಕೆಡುತ್ತೆ. ಬೆಳಿಗ್ಗೆ ಹೊರಗೆ ಬಿಡೋ ಮುಂಚೆ ಅಂಗಳದ ಠುಸ್ ಆದ ಪಟಾಕಿಗಳನ್ನೂ ಗುಡಿಸಿ ತೆಗೀರಿ, ಆ ಮದ್ದನ್ನ ನೆಕ್ಕಬಾರದು.

ಸಾಗರದಿಂದ:
ಕೊಟ್ಟಿಗೆಯ ಬಗ್ಗೆ ಯಾರೂ ಬರೀಲಿಲ್ಲ, ಅದಕ್ಕೆ ಹೇಳ್ತಿದೀನಿ. ಪಾಡ್ಯದ ದಿನ ಗೋಪೂಜೆ ಮಾಡಿ, ಮೈಮೇಲೆ ಕೆಮ್ಮಣ್ಣು, ಜೇಡಿಯಲ್ಲಿ ಸಿದ್ದೆ (ಅಳತೆ ಪಾತ್ರೆ) ಅದ್ದಿ ಒತ್ತಿ, ಕೊರಳಿಗೆ ಅಡಿಕೆ, ಚೆಂಡುಹೂವಿನ ಸರ ಕಟ್ಟಿ, ಆಮೇಲೆ ಅದೇ ದನದ ಕಾಲ ಬುಡದಲ್ಲಿ ಪಟಾಕಿ ಹೊಡೀತಾರೆ. ಪೂಜೆ ಮಾಡಿದ ಕೈಯಲ್ಲೇ ಹೆದರಿಸೋದು ನನಗೆ ಒಪ್ಪಲ್ಲ. ನಮ್ಮಲ್ಲಿ ಈಗ ಜಾಗಟೆ ಬಡಿದು, ಕೂಗು ಹಾಕಿ ದನ ಬಿಡ್ತೀವಿ, ಹಬ್ಬಕ್ಕೇನೂ ಕಡಿಮೆ ಆಗಿಲ್ಲ. ಹೆದರಿದ ಹಸುವಿಗೆ ಗಾಬರಿಯ ಹಾರ್ಮೋನು ಅಡ್ರಿನಲಿನ್ ಏರಿದರೆ ಹಾಲಿಳಿಸೋ ಹಾರ್ಮೋನು ಆಕ್ಸಿಟೋಸಿನ್ ಕೆಲಸ ಮಾಡಲ್ಲ. ಕೆಚ್ಚಲು ತುಂಬಿದ್ರೂ ಹಾಲು ಬಿಡಲ್ಲ. ಹಾಗೇ ಉಳಿದರೆ ಕೆಚ್ಚಲು ಬಾವು ಬರೋಕೂ ದಾರಿ. ಸಂಜೆ ಹಾಲು ಬೇಗ ಕರೆದುಬಿಡಿ. ದನಕ್ಕೆ ಸುಟ್ಟಗಾಯ ಆದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಕೊಪ್ಪದಿಂದ:
ಬೆಕ್ಕು ಅಟ್ಟ ಹತ್ತಿದರೆ ಹಿಂದೆ ಹೋಗಬೇಡಿ. ಏಣಿ ತೆಗೀದೆ, ಮೇಲೇ ಒಂದು ಬಟ್ಟಲು ನೀರು, ಉಚ್ಚೆಗೆ ಮಣ್ಣು ತುಂಬಿದ ತಟ್ಟೆ ಇಟ್ಟುಬಿಡಿ. ಸದ್ದು ಅಡಗಿದ ಮೇಲೆ ತಾನಾಗೇ ಇಳಿಯುತ್ತೆ.

ಕೇಳಿದವರು:
ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಒಂದು ಚೂರು ಕೋಳಿಯಿಂದ ಶುರು ಮಾಡಿದೀನಿ. ಹೊಸನಗರದ ಹತ್ತಿರ ಅಜ್ಜನ ಮನೆ ಇದೆ, ಅಲ್ಲಿ ಅಷ್ಟು ಸದ್ದಿರಲ್ಲ. ಕರ್ಕೊಂಡು ಹೋದರೆ ಹೇಗೆ?

ಹೊಸನಗರದಿಂದ:
ಕರ್ಕೊಂಡು ಬನ್ನಿ, ಒಳ್ಳೇದೇ. ಹಬ್ಬದ ದಿನವೇ ಬರಬೇಡಿ, ಮೊದಲೇ ಬಂದು ಮನೆ ಪರಿಚಯ ಆಗಲಿ. ಅವನು ಮಲಗೋ ಕಂಬಳಿ ತೊಳೀದೆ ಹಾಗೇ ತನ್ನಿ. ರಾತ್ರಿ ಅಂಟಿಗೆ-ಪಿಂಟಿಗೆಯವರು ದೀಪ ಹಿಡಿದು ಹಾಡ್ತಾ ಬಾಗಿಲಿಗೆ ಬರ್ತಾರೆ. ಬಾಗಿಲು ತೆರೆಯೋ ಮುಂಚೆ ಕರಿಯನನ್ನ ಒಳಕೋಣೆಗೆ ಸೇರಿಸಿ. ತೆರೆದ ಬಾಗಿಲಿಂದಲೇ ಓಡಿಹೋಗೋದು ಜಾಸ್ತಿ. ಇಲ್ಲಿ ಹೆದರಿ ಓಡಿದ ನಾಯಿ ಬೀದಿಗಲ್ಲ, ಕಾಡಿಗೆ ಹೋಗ್ತದೆ. ಚಿರತೆ ಇರೋ ಜಾಗ. ಕತ್ತಲಾದ ಮೇಲೆ ಉಚ್ಚೆಗೂ ಹಗ್ಗ ಹಿಡಿದೇ ಕರ್ಕೊಂಡು ಹೋಗಿ, ಕುತ್ತಿಗೆ ಪಟ್ಟಿ ಮೇಲೆ ನಿಮ್ಮ ಫೋನ್ ನಂಬರ್ ಬರೀರಿ. ಮೈಮೇಲಿನ ಮಚ್ಚೆ ಕಾಣೋ ಹಾಗೆ ಒಂದು ಫೋಟೋ ಇವತ್ತೇ ತೆಗೆದಿಟ್ಟುಕೊಳ್ಳಿ.